ಡಿಬಿಎಸ್ ಆದಮ್ಯಾಲೆ ಅಪ್ಪಾರ ಮಾತು ಕಮ್ಮಿ ಆಗೈತಿ, ಮಷಿನ್ ಬಂದ್ ಮಾಡಿಸೋಣೇನ್ರಿ?

ಪಾರ್ಕಿನ್ಸನ್ ಬಗ್ಗೆ ಬರೋ ಪ್ರಶ್ನೆಗಳಾಗ ಒಂದು ಮಾತ್ರ ಬಿಡದಂಗ ಬರಾಕತ್ತೈತಿ. ಧಾರವಾಡದಿಂದ ಬರ್ತೈತಿ, ಗದಗದಿಂದ ಬರ್ತೈತಿ, ಹುಬ್ಬಳ್ಳಿ ಓಪಿಡಿಯೊಳಗ ಪೇಶಂಟ್‌ನ ಹೊರಗ ಕೂಡಿಸಿ ಬಂದು ಸಣ್ಣ ದನಿಯೊಳಗೂ ಕೇಳ್ತಾರ, "ತಲಿಯೊಳಗ ಕರೆಂಟ್ ಕೊಟ್ರ ನೆನಪು ಹೋಗ್ತೈತಂತ, ಹೌದೇನ್ರಿ?" ಈ ಸಲ ಅದಕ್ಕ ಪೂರಾ ಉತ್ತರ ಬರದ ಬಿಡ್ತೀನಿ, ಉಳಿದ ಪ್ರಶ್ನೆಗಳಿಗೆ ಕಡೀಕ ಒಂದೆರಡು ಸಾಲು. ಪಾರ್ಕಿನ್ಸನ್ ಅಂದ್ರೇನು, ಡಿಬಿಎಸ್ ಹೆಂಗ ಕೂಡಸ್ತಾರ ಅನ್ನೋದನ್ನ ಪೂರಾ ಮತ್ತ ಬರಿಯಂಗಿಲ್ಲ, ಇದನ್ನ ಓದೋ ಮನಿಯವ್ರಿಗೆ ಅದು ಬಾಯಿಪಾಠ ಆಗಿರ್ತೈತಿ. ಹೊಸಬ್ರಿಗೆ ಇಷ್ಟ: ಪಾರ್ಕಿನ್ಸನ್ ಅಂದ್ರ ಕೈಕಾಲು ನಡುಗಿಸಿ ಮೈ ಬಿಗಿಸೋ ಮೆದುಳಿನ ರೋಗ, ಡಿಬಿಎಸ್ ಅಂದ್ರ ಮೆದುಳಿನ ಆಳಕ್ಕ ತಂತಿ ಇಳಿಸಿ ಮೈಯೊಳಗ ಕೂಡಿಸಿದ ಸಣ್ಣ ಮಷಿನ್‌ನಿಂದ ಕರೆಂಟ್ ಕೊಡೋ ಆಪರೇಷನ್.

ಹಾವೇರಿ ಜಿಲ್ಲಾದಿಂದ ಒಬ್ಬ ಮಗಳು ಬರದಾರ. ಅಪ್ಪಾರಿಗೆ 64, ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಅಂಗಡಿ, 11 ವರ್ಷದಿಂದ ಪಾರ್ಕಿನ್ಸನ್. 8 ತಿಂಗಳ ಹಿಂದ ಬೆಂಗಳೂರಿನ್ಯಾಗ ಎರಡೂ ಕಡೆ ಡಿಬಿಎಸ್ ಆಗೈತಿ. ನಡುಕ ನಿಂತೈತಿ, ತಾವ ಅಂಗಿ ಗುಂಡಿ ಹಾಕ್ಕೋತಾರ, ಗುಳಿಗಿ ಅರ್ಧಕ್ಕಿಂತ ಕಮ್ಮಿ ಆಗ್ಯಾವು. ಅವ್ರ ಪತ್ರದಾಗಿನ ಮಾತು ಹಿಂಗೈತಿ: "ಮೊದಲು ಫೋನ್ ಹಿಡದ್ರ ಬಿಡತಿರಲಿಲ್ಲ, ಈಗ ಹೂಂ, ಹಾಂ, ಅಷ್ಟ. ಯಾರದರ ಹೆಸರು ಹೇಳ್ಬೇಕಂದ್ರ ನಡುವ ನಿಂತ ಬಿಡ್ತಾರ. ಅಂಗಡಿಗೆ ಹೋಗ್ರಿ ಅಂದ್ರ ನಾಳೆ ನೋಡೋಣ ಅಂತಾರ. ಮಷಿನ್ ನೆನಪು ತಿಂದೈತಿ, ಬಂದ್ ಮಾಡಸ್ರಿ ಅಂತ ನಮ್ಮ ಕಾಕಾ ಗಂಟು ಬಿದ್ದಾರ. ರಿಮೋಟ್ ನಮ್ಮ ಕೈಯಾಗ ಐತಿ. ಏನ್ ಮಾಡೋಣ?"

ತಂಗಿ, ಮೊದಲು ಆ ರಿಮೋಟ್ ಕಪಾಟಿನ್ಯಾಗ ಇಡವಾ. ಕಾಕಾರು ಎಷ್ಟ ಹೇಳಿದ್ರೂ ಬಂದ್ ಮಾಡಬ್ಯಾಡ್ರಿ. ಅಪ್ಪಾರು ಈಗ ಅರ್ಧ ಗುಳಿಗಿ ಮ್ಯಾಲೆ ಅದಾರ, ಉಳಿದ ಕೆಲ್ಸ ಮಷಿನ್ ಮಾಡಾಕತ್ತೈತಿ, ಅದನ್ನ ಒಮ್ಮೆಲೆ ನಿಲ್ಲಿಸಿದ್ರ ನಡುಕ ನಿಮಿಷದಾಗ ವಾಪಸ್ ಬರ್ತೈತಿ, ಕೆಲವು ತಾಸಿನ್ಯಾಗ ಮೈ ಬಿಗಿತೈತಿ, ಮಗ್ಗಲಾ ಬದಲಸಾಕ ಆಗಂಗಿಲ್ಲ, ನುಂಗಾಕ ಆಗಂಗಿಲ್ಲ. ಭಾಳ ವರ್ಷದಿಂದ ಮಷಿನ್ ಇದ್ದವ್ರು ಬ್ಯಾಟರಿ ಒಮ್ಮೆಲೆ ನಿಂತು ಐಸಿಯು ಸೇರಿದ್ದೂ ಐತಿ. ಬಂದ್ ಮಾಡೋದು, ಕಮ್ಮಿ ಮಾಡೋದು ಏನಿದ್ರೂ ಪ್ರೋಗ್ರಾಮಿಂಗ್ ಮಾಡೋ, ಅಂದ್ರ ಮಷಿನ್ ಕರೆಂಟಿನ ಸೆಟ್ಟಿಂಗ್ ಹಚ್ಚೋ, ಡಾಕ್ಟ್ರ ಮುಂದ.

ಈಗ ನಿಮ್ಮ ಖರೆ ಪ್ರಶ್ನೆ. ಮಷಿನ್‌ನಿಂದ ಏನರ ಆಗಿರಬೌದೇನು? ಹೌದು, ಆಗಿರಬೌದು. "ತಲಿಗೆ ಏನೂ ಆಗಂಗಿಲ್ಲ, ಬರೇ ನಡುಕ ಹೋಗ್ತೈತಿ" ಅಂತ ಆಪರೇಷನ್ನಿನ ಮೊದಲು ಯಾರರ ನಿಮಗ ಹೇಳಿದ್ರ ಅವ್ರು ಅರ್ಧ ಅಷ್ಟ ಹೇಳ್ಯಾರ, ನನಗ ಸಿಟ್ಟು ಬರೋದು ಅಲ್ಲೇ. "ನೆನಪು ಪೂರಾ ಅಳಿಸಿ ಹೋಗ್ತೈತಿ" ಅನ್ನವ್ರ ಮ್ಯಾಲೂ ಅಷ್ಟ ಸಿಟ್ಟು ಬರ್ತೈತಿ, ಯಾಕಂದ್ರ ಅವ್ರ ಮಾತು ಕೇಳಿ ಆಪರೇಷನ್‌ನಿಂದ ಖರೇನ ಲಾಭ ಆಗೋವಂಥ ಮಂದಿ ಮನ್ಯಾಗ ಬಿದ್ದಾರ. ಡಿಬಿಎಸ್ ಆದವ್ರೊಳಗ, ವಿಶೇಷವಾಗಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅಂದ್ರ ಎಸ್‌ಟಿಎನ್ ಅನ್ನೋ ಜಾಗಾಕ್ಕ ತಂತಿ ಹಾಕಿಸ್ಕೊಂಡವ್ರೊಳಗ, ಸ್ಟಡಿಗಳಾಗ ತಪ್ಪದಂಗ ಕಾಣೋ ತೊಂದರಿ ಅಂದ್ರ ಇದು: ಬೇಕಾದ ಮಾತು ಬೇಕಾದ ಹೊತ್ತಿಗೆ ಲಗೂನ ಬಾಯಿಗೆ ಬರಂಗಿಲ್ಲ.

ಇದನ್ನ ನೋಡಾಕ ನಾವು ಒಂದು ಸಣ್ಣ ಟೆಸ್ಟ್ ಮಾಡ್ತೀವಿ. 1 ನಿಮಿಷದಾಗ ಎಷ್ಟು ಆಗ್ತಾವೋ ಅಷ್ಟು ಪ್ರಾಣಿ ಹೆಸರು ಹೇಳ್ರಿ ಅಂತೀವಿ. ಆಕಳು, ಎಮ್ಮಿ, ಎತ್ತು, ಕುರಿ, ಆಡು ಅಂತ ಶುರು ಜೋರ ಆಗ್ತೈತಿ, ಮನಿ ಹಿತ್ತಲದಾಗಿನ ಪ್ರಾಣಿ ಮುಗೀತಾವು, ಅಲ್ಲಿಗೆ ನಿಂತ್ರು. ಅಲ್ಲಿಂದ ಕಾಡಿಗೆ ಹೋಗಿ ಹುಲಿ, ಚಿರತಿ, ಕರಡಿ ಅನ್ಬೇಕು, ಇಲ್ಲಾ ನೀರಿಗೆ ಇಳದು ಮೀನು, ಮೊಸಳಿ ಅನ್ಬೇಕು, ಅದು ಆಗಂಗಿಲ್ಲ, ತುಟಿ ಅಲುಗ್ತಾವು, ಕಣ್ಣು ಛತ್ತಿನ ಕಡೆ ಹೋಗ್ತಾವು, ಬಾಜೂಕ ಕುಂತ ಹೆಂಡ್ತಿ ತಡಕೊಳ್ಳಲಾರದ "ಹುಲಿ ಅನ್ರಿ" ಅಂತ ಪಿಸುಗುಡ್ತಾರ, ನಾ ಅವ್ರನ್ನ ಸುಮ್ಮನ ಕೂಡಸ್ಬೇಕು. ಆಮ್ಯಾಲೆ ಹುಲಿ ಚಿತ್ರ ತೋರಿಸಿದ್ರ ಅದೇ ಹಿರ್ಯಾರು ಥಟ್ಟನ ಹುಲಿ ಅಂತಾರ. ಅಂದ್ರ ಹುಲಿ ಮರ್ತಿಲ್ಲ. ಒಳಗಿದ್ದದ್ದನ್ನ ಹುಡುಕಿ ತಗಿಯೋದು, ಒಂದು ಗುಂಪು ಬಿಟ್ಟು ಇನ್ನೊಂದು ಗುಂಪಿಗೆ ಹೊಳ್ಳೋದು ನಿಧಾನ ಆಗೈತಿ. ಮುಂದ "ಕ ಅಕ್ಷರದ ಶಬ್ದ ಹೇಳ್ರಿ" ಅಂದ್ರೂ ಹಿಂಗ ಆಗ್ತೈತಿ.

ಯಾಕ ಆಗ್ತೈತಿ? ಹಣೆ ಹಿಂದಿನ ಮೆದುಳಿಗೂ ಆಳದಾಗಿನ ಗಂಟುಗಳಿಗೂ ನಡುವ ಇರೋ ಸರ್ಕ್ಯೂಟ್ ಈ ಕೆಲ್ಸ ಮಾಡೋದು, ತಂತಿ ಇಳಿಯೋದೂ ಆ ಹಾದಿಯೊಳಗ. ಕೆಲವ್ರಿಗೆ ಕಾಡೇಟ್ ಅನ್ನೋ ಗಂಟಿನೊಳಗ ಹಾದು ಹೋಗ್ತೈತಿ, ಅದನ್ನ ತಪ್ಪಿಸಿ ದಾರಿ ಹಾಕಾಕ ಸರ್ಜನ್‌ಗಳು ನೋಡ್ತಾರ. 2012ರಾಗ ಅಮೆರಿಕಾದ್ದು ಒಂದು ಟ್ರಯಲ್ ಬಂತು, 136 ಮಂದಿ, ಎಲ್ಲಾರಿಗೂ ತಂತಿ ಹಾಕಿದ್ರು, ಆದ್ರ ಒಂದು ಗುಂಪಿನವ್ರಿಗೆ ಮೊದಲ 3 ತಿಂಗಳು ಕರೆಂಟ್ ಚಾಲೂ ಮಾಡಲಿಲ್ಲ, ಶಬ್ದ ಹೇಳೋ ಟೆಸ್ಟಿನ್ಯಾಗ ಎರಡೂ ಗುಂಪಿನವ್ರು ಒಂದೀಟು ಇಳದಿದ್ರು. ಇದನ್ನ ನಿಮ್ಮ ಕಾಕಾರಿಗೆ ಓದಿ ಹೇಳವಾ. ತೊಂದರಿಯ ಒಂದು ಪಾಲು ತಂತಿ ಇಳಿಸಿದ್ದಕ್ಕ ಬರೋದು, ಅದು ಕರೆಂಟ್ ಬಂದ್ ಮಾಡಿದ್ರ ವಾಪಸ್ ಬರಂಗಿಲ್ಲ, ನೀವು ನಡುಕ ಅಷ್ಟ ವಾಪಸ್ ತರ್ತೀರಿ. ಇನ್ನೊಂದು ಪಾಲು ಕರೆಂಟಿಂದು, ಅದನ್ನ ಸೆಟ್ಟಿಂಗ್ ಬದಲಿ ಮಾಡಿ ಸುಧಾರಸಾಕ ಬರ್ತೈತಿ. ಜಾಗಾ ಮ್ಯಾಲೂ ವ್ಯತ್ಯಾಸ ಐತಿ. ಜಿಪಿಐ ಅಂತ ಇನ್ನೊಂದು ಗಂಟು ಐತಿ, 2010ರಾಗ 299 ಮಂದಿ ಮ್ಯಾಲೆ ಎರಡನ್ನೂ ಹೋಲಿಸಿ ನೋಡಿದ್ರು, 2 ವರ್ಷದ ಮ್ಯಾಲೆ ಕೈಕಾಲಿಗೆ ಎರಡರಿಂದಲೂ ಸರೀ ಸರೀ ಲಾಭ, ಆದ್ರ ಕಣ್ಣಿಂದ ನೋಡಿದ್ದನ್ನ ಲಗೂನ ತಿಳಿದು ಕೈ ಓಡಿಸೋ ವೇಗ ಎಸ್‌ಟಿಎನ್ ಗುಂಪಿನ್ಯಾಗ ಹೆಚ್ಚು ಇಳದಿತ್ತು. ಎಸ್‌ಟಿಎನ್‌ಗೆ ಹಾಕಿದ್ರ ಜಿಪಿಐಗಿಂತ ಗುಳಿಗಿ ಜಾಸ್ತಿ ಇಳೀತಾವು, ಅದಕ್ಕ ಭಾಳ ಮಂದಿಗೆ ಅದನ್ನ ಹಾಕ್ತಾರ. ಮೊದಲ ತಲಿ ಓಟ ಮಂದ ಇದ್ದವ್ರಿಗೆ ಜಿಪಿಐ ಬಗ್ಗೆ ಕೇಳ್ರಿ ಅಂತ ನಾನು ಹೇಳ್ತೀನಿ.

ಈಗ ಅಪ್ಪಾರಿಗೆ ಆಗಿರೋದು ಇದೊಂದ ಅಂತ ನನಗ ಅನಸಂಗಿಲ್ಲ. ನಿಮ್ಮ ಪತ್ರದಾಗ ಎರಡು ಬ್ಯಾರೆ ಬ್ಯಾರೆ ತೊಂದರಿ ಅದಾವು, ಮನಿಯವ್ರು ಎಲ್ಲಾ ಕೂಡಿಸಿ ಮರವು ಅಂತೀರಿ. ಹೆಸರು ಬಾಯಿಗೆ ಬರದು ಅನ್ನೋದು ಒಂದು. ಅಂಗಡಿಗೆ ಹೋಗೋ ಮನಸ್ಸ ಇಲ್ಲ ಅನ್ನೋದು ಪೂರಾ ಬ್ಯಾರೆ. ದನಿ ಸಣ್ಣ ಆಗಿ, ತೊದಲಿ, ಮಂದಿ "ಏನಂದ್ರಿ?" ಅಂತ ಎರಡೆರಡು ಸಲ ಕೇಳ್ತಾರಂತ ನಾಚಿ ಮಾತು ಬಿಟ್ಟವ್ರೂ ಇರ್ತಾರ, ಅದನ್ನೂ ನೋಡ್ಕೋರಿ, ಅದು ಕರೆಂಟ್ ಬಾಜೂದ ನರಗಳಿಗೆ ಹಬ್ಬಿದ್ರೂ ಬರ್ತೈತಿ.

ಮನ್ಯಾಗ ಇಷ್ಟು ಮಾಡಿ ನೋಡ್ರಿ. ಹೋದ ವಾರ ಕಡ್ಡಿ ಮೆಣಸಿನಕಾಯಿ ರೇಟ್ ಎಷ್ಟಿತ್ತು, ಯಾರ ಮಾಲು ಬಂದಿತ್ತು ಅಂತ ಕೇಳಿ ಸುಮ್ಮನ ಕುಂದರ್ರಿ, ನೀವು ಹೇಳಿಕೊಡಬ್ಯಾಡ್ರಿ. ತಡ ಆದ್ರೂ ಸರೀ ಹೇಳಿದ್ರ, ಇಲ್ಲಾ ಮೂರು ಹೆಸರು ಮುಂದಿಟ್ರ ಸರೀದನ್ನ ಹಿಡದ್ರ, ನೆನಪು ಒಳಗ ಐತಿ. ಆ ಮಾಲು ಬಂದದ್ದ ಗೊತ್ತಿಲ್ಲ ಅಂದ್ರ, ಬೆಳಿಗ್ಗೆ ನಾಷ್ಟಾ ಮಾಡಿದ್ದ ಗೊತ್ತಿಲ್ಲ ಅಂದ್ರ, ಕೇಳಿದ್ದನ್ನ ಕೇಳಾಕತ್ರ, ನಡದು ಹೋಗೋ ಹಾದಿ ತಪ್ಪಿದ್ರ, ಅದು ಬ್ಯಾರೆ ಕಥಿ, ಅದಕ್ಕ ಲಗೂನ ತೋರಸ್ಬೇಕು.

ಅಂಗಡಿ ವಿಷಯಕ್ಕ ಬರ್ತೀನಿ, ಯಾಕಂದ್ರ ಇದನ್ನ ಸುಧಾರಸಾಕ ಬರ್ತೈತಿ ಮತ್ತ ಇದನ್ನ ಯಾರೂ ಗುರುತು ಹಿಡಿಯಂಗಿಲ್ಲ. ಮನಷ್ಯಾ ಅಳಂಗಿಲ್ಲ, ಬ್ಯಾಸರಾ ಅನ್ನಂಗಿಲ್ಲ, ಉಣ್ರಿ ಅಂದ್ರ ಉಣ್ತಾನ, ಆದ್ರ ತಾನಾಗಿ ಏನೂ ಶುರು ಮಾಡಂಗಿಲ್ಲ, ಮೊಮ್ಮಗ ಬಂದ್ರೂ ಅಷ್ಟ, ಹೋದ್ರೂ ಅಷ್ಟ. ಇದಕ್ಕ ಅಪಥಿ ಅಂತೀವಿ. ಡಿಬಿಎಸ್ ಆದಮ್ಯಾಲೆ ಕೈಕಾಲು ಚಲೋ ಆದ್ವು ಅಂತ ಖುಷಿಯೊಳಗ ಗುಳಿಗಿ ಭಾಳ ಲಗೂ, ಭಾಳ ಕಮ್ಮಿ ಮಾಡಿದ್ರ ಕೆಲವು ತಿಂಗಳಾಗ ಇದು ಬರ್ತೈತಿ. ಕೈಕಾಲಿಗೆ ಬೇಕಾದದ್ದನ್ನ ಮಷಿನ್ ಕೊಡ್ತೈತಿ, ಮನಸ್ಸಿನ ಹುರುಪಿಗೆ ಬೇಕಾದ ಡೋಪಮೈನ್ (ಪಾರ್ಕಿನ್ಸನ್‌ನ್ಯಾಗ ಮೆದುಳಿನೊಳಗ ಕಮ್ಮಿ ಆಗೋ ರಾಸಾಯನಿಕ) ಅದು ಕೊಡಂಗಿಲ್ಲ, ಅದು ಗುಳಿಗಿಯಿಂದ ಬರಬೇಕು. ನಿಮ್ಮ ಅಪ್ಪಾರ ಗುಳಿಗಿ ಅರ್ಧಕ್ಕಿಂತ ಕೆಳಗ ಇಳದಾವು ಅಂದ ಕೂಡ್ಲೆ ನನ್ನ ಲಕ್ಷ್ಯ ಅಲ್ಲಿಗೆ ಹೋತು. ಡಾಕ್ಟ್ರು ಲೆವೊಡೋಪಾ (ಮೆದುಳಿನ್ಯಾಗ ಡೋಪಮೈನ್ ಆಗೋ ಔಷಧ) ಒಂದೀಟು ಏರಿಸಿ, ಇಲ್ಲಾ ಡೋಪಮೈನ್‌ದಂಗ ಕೆಲ್ಸ ಮಾಡೋ ಪ್ರಮಿಪೆಕ್ಸೋಲ್, ರೋಪಿನಿರೋಲ್ ಅಂಥದ್ದನ್ನ ಸಣ್ಣ ಡೋಸ್‌ನ್ಯಾಗ ವಾಪಸ್ ಕೊಟ್ಟು ನೋಡಿದ್ರ ಎಷ್ಟೋ ಮಂದಿ ಮತ್ತ ಎದ್ದು ಓಡಾಡ್ತಾರ. ನೀವು ಮನ್ಯಾಗ ಏರಸಾಕ ಹೋಗಬ್ಯಾಡ್ರಿ.

ಅಳು, "ನಾ ಇದ್ದು ಏನ್ ಮಾಡೋದೈತಿ" ಅನ್ನೋ ಮಾತು, ನಿದ್ದಿ ಇಲ್ಲದ್ದು ಕಂಡ್ರ ಅದು ಡಿಪ್ರೆಶನ್. ಆಪರೇಷನ್ ಆದ ಮೊದಲ ವರ್ಷದಾಗ ಆತ್ಮಹತ್ಯೆ ಅಪಾಯ ಹೆಚ್ಚಿರ್ತೈತಿ ಅಂತ ಒಂದು ದೊಡ್ಡ ಸಮೀಕ್ಷೆಯೊಳಗ ಕಂಡೈತಿ, ಅದಕ್ಕ ಸಾಯೋ ಮಾತು ಬಂದ್ರ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬ್ಯಾಡ್ರಿ, ಅವತ್ತ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರಿ ಡಿಮ್ಹಾನ್ಸ್‌ಗೆ ಕರ್ಕೊಂಡ ಬರ್ರಿ, ರಾತ್ರಿ ಆದ್ರ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಅವ್ರನ್ನ ಒಂಟಿಯಾಗಿ ಬಿಡಬ್ಯಾಡ್ರಿ.

ಇನ್ನ ಗುಳಿಗಿ ಚೀಲ. ಅದನ್ನ ಪೂರಾ ಟೇಬಲ್ ಮ್ಯಾಲೆ ಸುರೀರಿ ಅಂತ ನಾನು ಪ್ರತಿಯೊಬ್ರಿಗೂ ಹೇಳ್ತೀನಿ, ಚೀಟಿ ಅಲ್ಲ, ಗುಳಿಗಿ. ಹತ್ತು ವರ್ಷದ ಹಿಂದ ಊರ ಡಾಕ್ಟ್ರು ನಡುಕಕ್ಕ ಬರದ ಟ್ರೈಹೆಕ್ಸಿಫೆನಿಡಿಲ್, ಪ್ಯಾಸಿಟೇನ್ ಅಂತ ಸಿಗ್ತೈತಲ್ಲ ಅದು, ಇನ್ನೂ ನಡದಿರ್ತೈತಿ, ನೆನಪು ಮಬ್ಬು ಮಾಡೋದ್ರಾಗ ಅದಕ್ಕಿಂತ ದೊಡ್ಡದು ಇಲ್ಲ, ವಯಸ್ಸಾದವ್ರಿಗಂತೂ ಕೊಡಬಾರದು. ಅದರ ಜೋಡಿ ನಿದ್ದಿಗೆ ಅಂತ ಆಲ್ಪ್ರಜೋಲಾಮ್, ಮೂತ್ರಕ್ಕ ಅಂತ ಆಕ್ಸಿಬ್ಯುಟಿನಿನ್, ಕಾಲು ಉರಿಗೆ ಅಂತ ಅಮಿಟ್ರಿಪ್ಟಿಲಿನ್, ಒಬ್ಬ ಡಾಕ್ಟ್ರು ಬರದದ್ದು ಇನ್ನೊಬ್ಬರಿಗೆ ಗೊತ್ತಿರಂಗಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿದ ಮಷಿನ್ ಮ್ಯಾಲೆ ಅಪವಾದ, ಸಣ್ಣ ಗುಳಿಗಿ ಆರಾಮ ಚೀಲದಾಗ ಕುಂತಿರ್ತೈತಿ. ಒಮ್ಮೆಲೆ ಬಿಡಬ್ಯಾಡ್ರಿ ಮತ್ತ, ಕಮ್ಮಿ ಮಾಡ್ಕೋತ ಬಿಡಸ್ಬೇಕು.

ನಿನ್ನೆ ಮೊನ್ನೆವರೆಗೆ ಚಲೋ ಇದ್ದವ್ರು ಎರಡ ದಿನದಾಗ ಗೊಂದಲ ಆದ್ರ, ಹಗಲು ರಾತ್ರಿ ಗುರುತು ಹತ್ತಲಿಲ್ಲ ಅಂದ್ರ, ಅದು ಡಿಬಿಎಸ್ ಅಲ್ಲ ಅಂತ ಹಿಡೀರಿ, ಮೂತ್ರದ ಇನ್ಫೆಕ್ಷನ್, ಸೋಡಿಯಂ ಇಳದದ್ದು, ಮಲಬದ್ಧತೆ, ಬಿದ್ದು ತಲಿಗೆ ಪೆಟ್ಟು ಹತ್ತಿ ಒಳಗ ರಕ್ತ ಕಟ್ಟಿದ್ದು, ಇವು ಮೊದಲು. ಸಿಟಿ ಸ್ಕ್ಯಾನ್ ಮಾಡಸಾಕ ತೊಂದರಿ ಇಲ್ಲ, ಎಂಆರ್‌ಐ ಮಾತ್ರ ಮಷಿನ್ ಹಾಕಿದ ಟೀಮನ್ನ ಕೇಳದ ಮಾಡಸ್ಬ್ಯಾಡ್ರಿ. ಬಿ12, ಥೈರಾಯ್ಡ್ ಎರಡೂ ಒಮ್ಮೆ ನೋಡಸ್ರಿ, ಲೆವೊಡೋಪಾ ವರ್ಷಗಟ್ಟಲೆ ತಗೊಂಡವ್ರಿಗೆ, ಅದ್ರಾಗೂ ಸಸ್ಯಾಹಾರಿಗಳಿಗೆ, ಬಿ12 ಕಮ್ಮಿ ಇರೋದು ಕಾಣ್ತೈತಿ.

ಇವೆಲ್ಲಾ ನೋಡಿದ ಮ್ಯಾಲೆ ಪ್ರೋಗ್ರಾಮಿಂಗ್. ಬೆಂಗಳೂರಿಗೆ ಹೋದಾಗ "ನಡುಕ ಹೆಂಗೈತಿ, ನಡಿಗಿ ಹೆಂಗೈತಿ" ಇಷ್ಟ ಕೇಳಿ ಹತ್ತು ನಿಮಿಷದಾಗ ಕಳಸ್ತಾರ, ಮಾತಿನ ತೊಂದರಿ ನೀವ ಬಾಯಿ ಬಿಟ್ಟು ಹೇಳ್ಬೇಕು. ಈಗಿನ ಸೆಟ್ಟಿಂಗಿನ್ಯಾಗ ಒಮ್ಮೆ, ಕರೆಂಟ್ ಒಂದೀಟು ಇಳಿಸಿ ಇಲ್ಲಾ ತಂತಿಯ ಮ್ಯಾಲಿನ ಕಾಂಟ್ಯಾಕ್ಟಿಗೆ (ಕರೆಂಟ್ ಹೊರಗ ಬರೋ ಜಾಗಾಕ್ಕ) ಬದಲಿಸಿ ಒಮ್ಮೆ, ಶಬ್ದದ ಟೆಸ್ಟ್ ಮಾಡಿ ನೋಡ್ರಿ ಅಂತ ಕೇಳ್ರಿ. ರಾತ್ರಿ ರಾಣಿ ಚೆನ್ನಮ್ಮ ಟ್ರೇನ್ ಇಳದು, ನಿದ್ದಿ ಇಲ್ಲದ, ಬೆಳಗಿನ ಗುಳಿಗಿ ಬಿಟ್ಟು ಸೀದಾ ಟೆಸ್ಟಿಗೆ ಕೂಡಿಸಿದ್ರ ಯಾರಿಗಾದ್ರೂ ಕಮ್ಮಿ ಮಾರ್ಕ್ಸ್ ಬೀಳ್ತಾವು. ಒಂದು ದಿನ ಮೊದಲು ಹೋಗ್ರಿ, ಉಂಡು ಮಲಗಿ ಎದ್ದು, ಗುಳಿಗಿ ತಗೊಂಡು ಕುಂದರ್ರಿ.

ಆದ್ರ ನನ್ನ ದೊಡ್ಡ ತಕರಾರು ಇನ್ನೂ ಹೇಳಿಲ್ಲ. ಆಪರೇಷನ್ನಿನ ಮೊದಲು ಅಪ್ಪಾರ ತಲಿ ಟೆಸ್ಟ್ ಆಗಿತ್ತೇನು? ರಿಪೋರ್ಟ್ ನಿಮ್ಮ ಕೈಯಾಗ ಐತೇನು? ನೀವು ಪತ್ರದಾಗ ಎಂಆರ್‌ಐ, ರಕ್ತ, ಈಸಿಜಿ ಎಲ್ಲಾದ್ರ ಫೋಟೋ ಕಳಿಸೀರಿ, ಅದೊಂದಿಲ್ಲ. ಮೊದಲು 1 ನಿಮಿಷಕ್ಕ ಎಷ್ಟು ಪ್ರಾಣಿ ಹೇಳ್ತಿದ್ರು ಅಂತ ಗೊತ್ತಿಲ್ಲದ ಈಗ ಕಮ್ಮಿ ಆಗ್ಯಾವು ಅಂತ ಯಾರು ಹೇಳಾಕ ಆಗ್ತೈತಿ? ಮಷಿನ್ ಹಾಕಿದವ್ರು ಮೊದಲ ಹಿಂಗಿತ್ತು ಅಂತಾರ, ಮನಿಯವ್ರು ಆಮ್ಯಾಲೆ ಆತು ಅಂತಾರ, ಇಬ್ರ ನಡುವ ಪೇಶಂಟ್ ಸುಮ್ಮನ ಕುಂತಿರ್ತಾರ. ಪಾರ್ಕಿನ್ಸನ್ ತಾನೂ ತಲಿ ಮ್ಯಾಲೆ ಕೆಲ್ಸ ಮಾಡ್ತೈತಿ, ಸಿಡ್ನಿಯೊಳಗ ಹೊಸಾ ಪೇಶಂಟ್‌ಗಳನ್ನ ಹಿಡದು 20 ವರ್ಷ ಬೆನ್ನು ಹತ್ತಿದ್ರು, ಅಲ್ಲಿವರೆಗೆ ಬದುಕಿದ್ದವ್ರೊಳಗ ನೂರಕ್ಕ 83 ಮಂದಿಗೆ ಡಿಮೆನ್ಷಿಯಾ, ಅಂದ್ರ ದಿನದ ಕೆಲ್ಸಕ್ಕೂ ಅಡ್ಡ ಬರೋ ಮರವಿನ ರೋಗ, ಬಂದಿತ್ತು. ಅಂದಮ್ಯಾಲೆ ರೋಗದ್ದೆಷ್ಟು, ತಂತಿದೆಷ್ಟು ಅಂತ ಬಿಡಿಸಿ ನೋಡಾಕ ಮೊದಲಿನ ಕಾಗದ ಒಂದ ದಾರಿ. ಆಪರೇಷನ್ ವಿಚಾರ ಇನ್ನೂ ಮಾಡಾಕತ್ತವ್ರು ಇದನ್ನ ಗಟ್ಟಿ ಹಿಡೀರಿ: ಕನ್ನಡದಾಗ, ಪೇಶಂಟ್ ಸಾಲಿ ಎಷ್ಟು ಕಲ್ತಾರ ಅನ್ನೋದನ್ನ ಲೆಕ್ಕಕ್ಕ ತಗೊಂಡು, ನ್ಯೂರೋಸೈಕಾಲಜಿಸ್ಟ್ (ನೆನಪು, ಮಾತು, ವಿಚಾರ ಟೆಸ್ಟ್ ಮಾಡೋ ಮನಃಶಾಸ್ತ್ರಜ್ಞರು) ಕುಂತು ಮಾಡಿದ ಪೂರಾ ಟೆಸ್ಟ್ ಬೇಕು. ಇಂಗ್ಲಿಷ್ ಹಾಳಿ ನೋಡಿ ನರ್ಸ್ ಅನುವಾದ ಮಾಡಿ ಕೇಳಿದ್ದು ನಡಿಯಂಗಿಲ್ಲ, ಮೋಕಾ ಅನ್ನೋ ಸಣ್ಣ ನೆನಪಿನ ಟೆಸ್ಟ್ ಕನ್ನಡದಾಗ ಐತಿ, ಓದು ಬರಹ ಬಾರದವ್ರಿಗೂ ಟೆಸ್ಟ್ ಅದಾವು. ಹಂಗ ಮಾಡದ ಡೇಟ್ ಕೊಡ್ತೀವಿ ಅನ್ನೋ ಕಡೆ ನಾನು ನನ್ನ ಮನಿಯವ್ರನ್ನ ಕಳಸಂಗಿಲ್ಲ. ರಿಪೋರ್ಟಿನ ಒಂದು ಕಾಪಿ ನಿಮ್ಮ ಹತ್ರ ಇಟ್ಕೋರಿ, ಒಂದು ವರ್ಷದ ಮ್ಯಾಲೆ ಅದೇ ಟೆಸ್ಟ್ ಮತ್ತ ಮಾಡಸ್ರಿ.

ಅಲ್ಲಿತನಕ ಮನ್ಯಾಗ ಅಪ್ಪಾರ ಬಾಯಾಗಿನ ಮಾತು ನೀವು ಕಸಗೋಬ್ಯಾಡ್ರಿ. ಅವ್ರು ನಿಂತ್ರ ನೀವೂ ನಿಲ್ರಿ. ಟಿವಿ ಬಂದ್ ಮಾಡಿ ಒಬ್ರ ಮಾತಾಡ್ರಿ. "ಏನ್ ಉಣ್ತೀರಿ?" ಅನ್ನೋ ಬದ್ಲಿ "ರೊಟ್ಟಿನೋ ಅನ್ನಾನೋ?" ಅಂತ ಕೇಳ್ರಿ. ಅಂಗಡಿಗೆ ದಿನಾ ಒಂದು ತಾಸು, ಗಿರಾಕಿ ಕಮ್ಮಿ ಇರೋ ಹೊತ್ತಿನ್ಯಾಗ, ಕರ್ಕೊಂಡು ಹೋಗ್ರಿ, ಮನಸ್ಸ ಬಂದಾಗ ಹೋಗ್ಲಿ ಅಂದ್ರ ಆ ಮನಸ್ಸ ತಾನಾಗಿ ಬರಂಗಿಲ್ಲ. ದೊಡ್ಡ ರೊಕ್ಕದ ವ್ಯವಹಾರಕ್ಕ ಮಾತ್ರ ಸದ್ಯ ಬಾಜೂಕ ಒಬ್ರು ಇರ್ಲಿ, ಎಸ್‌ಟಿಎನ್‌ಗೆ ಕರೆಂಟ್ ಹೋದಾಗ ಕೆಲವ್ರು ವಿಚಾರ ಮಾಡೂಕಿಂತ ಮೊದಲ ಹೂಂ ಅಂದ ಬಿಡ್ತಾರ.

ಉಳಿದ ಪ್ರಶ್ನೆಗಳು.

"ಅವ್ವಾಗ 76, ಮರವು ಭಾಳ, ಅಂಗಳದಾಗ ಇಲ್ಲದ ಹುಡುಗ್ರು ಕಾಣ್ತಾರ. ಡಿಬಿಎಸ್ ಮಾಡಿಸಿದ್ರ ನೆನಪು ಬರ್ತೈತೇನ್ರಿ?" ಗದಗದಿಂದ. ಇಲ್ಲ. ಡಿಬಿಎಸ್ ನೆನಪಿಗೆ ಅಲ್ಲ, ಈ ಸ್ಥಿತಿಯೊಳಗ ಮಾಡಿದ್ರ ಇನ್ನೂ ಕೆಡ್ತೈತಿ, ಯಾರರ ಮಾಡ್ತೀವಿ ಅಂದ್ರ ಎದ್ದು ಬರ್ರಿ. ಗುಳಿಗಿ ತಪಾಸಣಿ ಮಾಡಸ್ರಿ, ಮರವಿಗೆ ಕೊಡೋ ರಿವಾಸ್ಟಿಗ್ಮಿನ್ ಬಗ್ಗೆ ಕೇಳ್ರಿ, ಇಲ್ಲದ್ದು ಕಾಣೋದಕ್ಕ ಅಂತ ಹ್ಯಾಲೊಪೆರಿಡಾಲ್ ಮಾತ್ರ ಕೊಡಸ್ಬ್ಯಾಡ್ರಿ.

"ಒಬ್ರು ನಸುಗುನ್ನಿ ಪುಡಿ ಕೊಡ್ತಾರ, ಆಪರೇಷನ್ನೂ ಬ್ಯಾಡ, ಸಿಂಡೋಪಾನೂ ಬ್ಯಾಡ ಅಂತಾರ." ನಸುಗುನ್ನಿ ಬೀಜದಾಗ ಇರೋದು ಸಿಂಡೋಪಾ ಗುಳಿಗಿಯೊಳಗಿನ ಅದೇ ಲೆವೊಡೋಪಾ. ಸಿಂಡೋಪಾದಾಗ ಎಷ್ಟು ಮಿಲಿಗ್ರಾಂ ಅಂತ ಬರದಿರ್ತೈತಿ, ಈ ಚಮಚದಾಗ ಎಷ್ಟು ಅಂತ ಕೊಡೋ ಮನಷ್ಯಾಗೂ ಗೊತ್ತಿಲ್ಲ, ಎರಡೂ ಕೂಡಿ ಮೈ ತಿರುಚೋದು, ಇಲ್ಲದ್ದು ಕಾಣೋದು ಶುರು ಆಗ್ತೈತಿ. ಮ್ಯಾಲೆ ಹೆಸರಿಲ್ಲದ, ಒಳಗ ಏನೈತಿ ಅಂತ ಚೀಟಿ ಇಲ್ಲದ ಪುಡಿ ಮಾರಿ ಮಂದಿ ಗುಳಿಗಿ ಬಿಡಸೋರ್ನ ವೈದ್ಯರು ಅಂತ ಕರೀಬ್ಯಾಡ್ರಿ.

"ಗ್ಯಾಸಿಗೆ ಕ್ಯಾಪ್ಸೂಲ್ ಶುರು ಮಾಡಿದಾಗಿಂದ ನಡುಕ ಹೆಚ್ಚಾಗೈತಿ." ಸ್ಟ್ರಿಪ್ ಹಿಂದ ಲೆವೊಸಲ್ಪಿರೈಡ್ ಅಂತ ಐತೇನು ನೋಡ್ರಿ. ಇದ್ರ ಬರದವ್ರ ಹತ್ರ ಹೋಗಿ ಬದಲಸ್ರಿ. ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡೂ ಹಂಗ. ಇದನ್ನ ಎಷ್ಟು ಸಲ ಬರದ್ರೂ ನಿಲ್ಲವಲ್ದು.

"ನಮ್ಮವ್ರಿಗೆ 52, ಪ್ರಮಿಪೆಕ್ಸೋಲ್ ತಗೋತಾರ, ರಾತ್ರಿಯೆಲ್ಲಾ ಆನ್‌ಲೈನ್ ರಮ್ಮಿ, ಮುಂದಿನ ತಿಂಗಳ ಡಿಬಿಎಸ್ ಐತಿ. ಡಾಕ್ಟ್ರ ಮುಂದ ಹೇಳಾಕ ನಾಚಿಕಿ." ಇವತ್ತ ಹೇಳ್ರಿ. ಅದು ಅವ್ರ ಗುಣ ಅಲ್ಲ, ಗುಳಿಗಿದು, ಕಮ್ಮಿ ಮಾಡಿದ್ರ ಇಳೀತೈತಿ. ಮುಚ್ಚಿಟ್ಟು ಆಪರೇಷನ್‌ಗೆ ಹೋಗಬ್ಯಾಡ್ರಿ.

"ಮೊಬೈಲ್ ಹತ್ರ ಇಟ್ಕೊಂಡ್ರ ಮಷಿನ್ ಕೆಡ್ತೈತೇನ್ರಿ?" ಕೆಡಂಗಿಲ್ಲ, ಆದ್ರ ಕೆಲವು ಫೋನಿನ್ಯಾಗ ಅಯಸ್ಕಾಂತ ಇರ್ತೈತಿ, ಮಷಿನ್ ಇರೋ ಜಾಗಾಕ್ಕ ಹತ್ತಿಸಿ ಇಡಬ್ಯಾಡ್ರಿ.

"ಡಿಬಿಎಸ್ ಆದವ್ರಿಗೆ ಮೊಣಕಾಲು ನೋವಿಗೆ ಫಿಸಿಯೋಥೆರಪಿಯೊಳಗ ಶಾಖದ ಮಷಿನ್ ಹಚ್ಚಬೌದೇನು?" ಡಯಾಥರ್ಮಿ, ಅಂದ್ರ ವಿದ್ಯುತ್ ಅಲೆಯಿಂದ ಮೈ ಒಳಗ ಶಾಖ ಕೊಡೋ ಮಷಿನ್, ಯಾವತ್ತೂ ಬ್ಯಾಡ, ಮೊಣಕಾಲಿಗೂ ಬ್ಯಾಡ, ಮಷಿನ್ ಬಂದ್ ಇದ್ರೂ ಬ್ಯಾಡ. ತಂತಿ ತುದಿ ಕಾದು ಮೆದುಳು ಸುಟ್ಟು ಮಂದಿ ಕೋಮಾಕ್ಕ ಹೋಗ್ಯಾರ. ಬಿಸಿನೀರಿನ ಚೀಲ ಇಟ್ಕೋರಿ, ವ್ಯಾಯಾಮ ಮಾಡ್ರಿ. ಮಷಿನ್ ಹಾಕಿದಾಗ ಕೊಟ್ಟ ಕಾರ್ಡ್ ಪಾಕೀಟಿನ್ಯಾಗ ಇರ್ಲಿ, ಫಿಸಿಯೋದವ್ರು, ಹಲ್ಲಿನ ಡಾಕ್ಟ್ರು, ಸ್ಕ್ಯಾನ್ ಸೆಂಟರ್ ಯಾರ ಮುಂದ ಕುಂತ್ರೂ ಮೊದಲು ಅದನ್ನ ತೋರಸ್ರಿ.